ಸಂಸದರೇ, ಬಂಡೆ ಸೀಳುವ ಮುಂಚೆ ಬಾವಿ ನೀರು ಪರೀಕ್ಷೆ ಮಾಡಿಸಿ

ಮಾನ್ಯ ಸಂಸದರಿಗೆ ನಮಸ್ಕಾರ.

ಸರ್, ನಾನು ನಿಮ್ಮ ಕ್ಷೇತ್ರದ ಮತದಾರ, ಕೋಲಾರ ಜಿಲ್ಲೆಯವನು. ಆರು ವರ್ಷ ಬೋರ್‌ವೆಲ್‌ಗಳಿಗೆ ಹೈಡ್ರೋ ಫ್ರಾಕ್ಚರಿಂಗ್, ಅಂದರೆ ನೀರಿನ ಒತ್ತಡದಿಂದ ಬಂಡೆ ಸೀಳುವ ಕೆಲಸ, ಮಾಡುವ ಗಾಡಿಯಲ್ಲಿ ಕೆಲಸ ಮಾಡಿದ್ದೇನೆ. 2025ರ ಮಾರ್ಚ್‌ನಲ್ಲಿ ನಿಮ್ಮ ಲೋಕಸಭೆಯಲ್ಲಿ ತೈಲಕ್ಷೇತ್ರಗಳ ತಿದ್ದುಪಡಿ ಮಸೂದೆ ಪಾಸಾಯಿತಲ್ಲ, ಅದರ ಬಗ್ಗೆ ಬರೆಯುತ್ತಿದ್ದೇನೆ. ನಮ್ಮ ಕಡೆ ಅದನ್ನು ಯಾರೂ ಮಾತಾಡಲಿಲ್ಲ. ಎಣ್ಣೆ, ಗ್ಯಾಸ್ ಎಲ್ಲ ಗುಜರಾತ್, ಅಸ್ಸಾಂ ಕಡೆ ಸಿಗುವುದು, ನಮಗೇನು ಅಂತ ಬಿಟ್ಟುಬಿಟ್ಟೆವು. ನಾನೂ ಬಿಟ್ಟಿದ್ದೆ. ಆಮೇಲೆ ಕೂತು ಓದಿದಾಗ ಗೊತ್ತಾಯಿತು, 1948ರ ಹಳೇ ಕಾಯ್ದೆಗೆ ಈಗ ಶೇಲ್ ಗ್ಯಾಸ್, ಶೇಲ್ ಎಣ್ಣೆ, ಟೈಟ್ ಗ್ಯಾಸ್ (ಗಟ್ಟಿ ಬಂಡೆಯಲ್ಲಿ ಸಿಕ್ಕಿಕೊಂಡ ಗ್ಯಾಸ್) ಇವನ್ನೆಲ್ಲ ಹೆಸರು ಹಿಡಿದೇ ಸೇರಿಸಿದ್ದಾರೆ. ಶೇಲ್ ಅಂದರೆ ಪದರ ಪದರವಾದ ಗಟ್ಟಿ ಜೇಡಿ ಕಲ್ಲು. ಅದರೊಳಗೆ ಸಿಕ್ಕಿಕೊಂಡ ಗ್ಯಾಸ್ ಹೊರಗೆ ಬರಬೇಕಾದರೆ ನೀರಿನ ಒತ್ತಡ ಕೊಟ್ಟು ಕಲ್ಲು ಸೀಳಲೇಬೇಕು. ನಾನು ಮಾಡುತ್ತಿದ್ದ ಕೆಲಸದ ಹಾಗೆಯೇ, ಆದರೆ ಸಾವಿರ ಪಾಲು ದೊಡ್ಡದು.

ನಮ್ಮ ಕೆಲಸ ಹೇಗಿರುತ್ತಿತ್ತು ಅಂತ ಮೊದಲು ಹೇಳುತ್ತೇನೆ. ನೀರು ನಿಂತುಹೋದ ಬೋರ್‌ನಿಂದ ಮೋಟರ್, ಪೈಪ್ ಎಲ್ಲ ಮೇಲೆ ತೆಗೆಯುತ್ತೇವೆ. ಪ್ಯಾಕರ್ ಅಂತ ರಬ್ಬರಿನ ಬಿರಡೆ ಇರುತ್ತದೆ, ಅದನ್ನು ಕೆಳಗೆ ಬಿಟ್ಟು ಉಬ್ಬಿಸಿ ಬೋರ್ ಬಾಯಿ ಕಟ್ಟುತ್ತೇವೆ. ಆಮೇಲೆ ಟ್ಯಾಂಕರ್ ನೀರನ್ನು ಪಂಪಿನಲ್ಲಿ ಒಳಗೆ ತಳ್ಳುವುದು. ಗೇಜಿನ ಮುಳ್ಳು ಏರುತ್ತಾ ಹೋಗುತ್ತದೆ. ಅರವತ್ತು ಕೆಜಿ, ಎಂಬತ್ತು, ನೂರು. ಒಂದು ಕಡೆ ಬಂದು ನಿಲ್ಲುತ್ತದೆ. ಆಗ ಯಾರೂ ಮಾತಾಡುವುದಿಲ್ಲ, ರೈತ ಅಂತೂ ಆ ಮುಳ್ಳನ್ನೇ ನೋಡುತ್ತಾ ನಿಂತಿರುತ್ತಾನೆ. ಇದ್ದಕ್ಕಿದ್ದ ಹಾಗೆ ಮುಳ್ಳು ಕೆಳಗೆ ಬಿದ್ದರೆ ಬಂಡೆ ಬಿಟ್ಟಿತು ಅಂತ ಅರ್ಥ. ನಾವು ಹಾಕುತ್ತಿದ್ದುದು ಬರೀ ನೀರು, ಒಂದೆರಡು ಟ್ಯಾಂಕರ್. ಮರಳಿಲ್ಲ, ಕೆಮಿಕಲ್ ಇಲ್ಲ. ಎಷ್ಟೋ ಊರುಗಳಲ್ಲಿ ಸತ್ತ ಬೋರ್‌ಗೆ ಹೀಗೆ ಜೀವ ಬಂದಿದ್ದನ್ನು ಕಣ್ಣಾರೆ ನೋಡಿದ್ದೇನೆ. ಆ ಕೆಲಸದ ಮೇಲೆ ನನಗೆ ಈಗಲೂ ಗೌರವ ಇದೆ.

ಒಂದು ದಿನ ಮಾತ್ರ ಮರೆಯಲಾಗಿಲ್ಲ. ಒಂದು ತೋಟದಲ್ಲಿ ಕೆಲಸ ಮುಗಿಸಿ ಪೈಪ್ ಎತ್ತುತ್ತಿದ್ದೆವು. ಪಕ್ಕದ ತೋಟದ ಅಜ್ಜಿ ಒಂದು ಚೊಂಬಿನಲ್ಲಿ ನೀರು ತಂದು ನಮ್ಮ ಮುಂದೆ ಇಟ್ಟರು. ಕೆಂಪು ನೀರು. "ಏನ್ರಪ್ಪಾ ಮಾಡಿದ್ರಿ, ಬೆಳಿಗ್ಗೆ ಚೆನ್ನಾಗಿ ಬರ್ತಿತ್ತು" ಅಂದರು. ಹೋಗಿ ನೋಡಿದರೆ ಅವರ ಟೊಮೆಟೊ ಸಾಲಿನ ಡ್ರಿಪ್ ಪೈಪಿನ ತೂತುಗಳಲ್ಲೆಲ್ಲ ಮಣ್ಣು ಕಟ್ಟಿಕೊಂಡಿತ್ತು. ನಮ್ಮ ಮೇಸ್ತ್ರಿ, "ನಿಮ್ಮ ಬೋರ್ ಮೊದಲೇ ಹಂಗಿತ್ತು ಬಿಡಮ್ಮ" ಅಂದುಬಿಟ್ಟ. ಮೊದಲು ಹೇಗಿತ್ತು ಅನ್ನುವುದಕ್ಕೆ ಅಜ್ಜಿ ಹತ್ತಿರ ಒಂದು ಚೀಟಿಯೂ ಇರಲಿಲ್ಲ. ನಾನು ಸುಮ್ನೆ ನಿಂತಿದ್ದೆ. ಎರಡು ದಿನದಲ್ಲಿ ನೀರು ತಿಳಿಯಾಯಿತು ಅಂತ ಆಮೇಲೆ ಕೇಳಿದೆ. ಬರೀ ನೀರಾಗಿದ್ದರಿಂದ ಅಷ್ಟಕ್ಕೆ ಮುಗಿಯಿತು.

ಗ್ಯಾಸ್ ಬೇಡ ಅಂತ ನಾನು ಹೇಳುತ್ತಿಲ್ಲ ಸರ್. ನಮ್ಮಮ್ಮ ಹಸಿ ಸೌದೆ ಊದಿ ಊದಿ ಕಣ್ಣು ಕೆಡಿಸಿಕೊಂಡವರು. ದೇಶಕ್ಕೆ ಬೇಕಾದ ಕಚ್ಚಾ ಎಣ್ಣೆಯಲ್ಲಿ ಶೇಕಡಾ 85ಕ್ಕೂ ಜಾಸ್ತಿ ಹೊರಗಿನಿಂದ ಬರುತ್ತದೆ, ಗ್ಯಾಸಿನಲ್ಲಿ ಹೆಚ್ಚುಕಡಿಮೆ ಅರ್ಧ. ಎಲ್ಲೋ ಯುದ್ಧವಾದರೆ ಇಲ್ಲಿ ಸಿಲಿಂಡರ್ ರೇಟು ಏರುತ್ತದೆ. ಅಮೆರಿಕದಲ್ಲಿ ಈ ಬಂಡೆ ಸೀಳುವ ವಿದ್ಯೆಯಿಂದ ಏನಾಯಿತು ನೋಡಿ. 1998ರಲ್ಲಿ ಟೆಕ್ಸಾಸ್‌ನ ಬಾರ್ನೆಟ್ ಶೇಲ್‌ನಲ್ಲಿ ಮಿಚೆಲ್ ಎನರ್ಜಿ ಕಂಪನಿಯವರು ಕಡಿಮೆ ಖರ್ಚಿನಲ್ಲಿ ಇದನ್ನು ಮಾಡಿ ತೋರಿಸಿದರು. 2008ರ ಜೂನ್‌ನಲ್ಲಿ ಅಲ್ಲಿ 12 ಡಾಲರ್ ದಾಟಿದ್ದ ಗ್ಯಾಸ್ 2012ರ ಏಪ್ರಿಲ್ ಹೊತ್ತಿಗೆ ಅದೇ ಅಳತೆಗೆ 2 ಡಾಲರ್ ಆಸುಪಾಸಿಗೆ ಇಳಿಯಿತು. 2005ರ ಸುಮಾರಿಗೆ ಅಲ್ಲಿನ ಕರೆಂಟಿನಲ್ಲಿ ಅರ್ಧದಷ್ಟು ಕಲ್ಲಿದ್ದಲಿನಿಂದ ಬರುತ್ತಿತ್ತು, 2023ಕ್ಕೆ ಅದು ಶೇಕಡಾ 16ರ ಹತ್ತಿರ ಬಂತು. ಅದರಲ್ಲಿ ದೊಡ್ಡ ಪಾಲು ಅಗ್ಗದ ಗ್ಯಾಸಿನದು. ಹೊಗೆ, ಬೂದಿ ಅಷ್ಟು ಕಡಿಮೆಯಾಯಿತಲ್ಲ, ಅದು ಸಣ್ಣ ಲಾಭವೇನಲ್ಲ. ಬಾವಿಯಿಂದ, ಪೈಪಿನಿಂದ ಸುಡದೇ ಸೋರಿಹೋಗುವ ಮೀಥೇನ್ 20 ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ 80 ಪಟ್ಟು ಜಾಸ್ತಿ ಬಿಸಿ ಹಿಡಿಯುತ್ತದೆ ಅನ್ನುವುದನ್ನೂ ಈ ಲಾಭದ ಪಕ್ಕದಲ್ಲಿ ಬರೆದುಕೊಳ್ಳಬೇಕು.

ಆ ಗ್ಯಾಸ್ ನಮ್ಮಿಂದ ದೂರವೂ ಇಲ್ಲ. ಕೇಂದ್ರ ಸರ್ಕಾರದ ಗೇಲ್ ಕಂಪನಿ ಮಾಡಿಕೊಂಡ ಒಪ್ಪಂದದಂತೆ ಅಮೆರಿಕದ ಲೂಸಿಯಾನಾದಿಂದ ಮೊದಲ ಹಡಗು 2018ರ ಮಾರ್ಚ್‌ನಲ್ಲಿ ಮಹಾರಾಷ್ಟ್ರದ ದಾಭೋಲ್‌ಗೆ ಬಂತು. ದಾಭೋಲ್‌ನಿಂದ ಬೆಂಗಳೂರಿಗೆ ಪೈಪ್‌ಲೈನ್ ಇದೆ. ಬೆಂಗಳೂರಿನಲ್ಲಿ ನಮ್ಮ ಅಕ್ಕನ ಮನೆಗೆ ಪೈಪ್ ಗ್ಯಾಸ್ ಬಂದಿದೆ, ಅವಳು ಅನ್ನ ಮಾಡುವ ಒಲೆಯಲ್ಲಿ ಅಲ್ಲಿನ ಬಂಡೆ ಸೀಳಿ ತೆಗೆದ ಗ್ಯಾಸೂ ಸೇರಿರಬಹುದು. ಇನ್ನೊಂದು ಗೊತ್ತಾ ಸರ್, ಸೀಳು ಮತ್ತೆ ಮುಚ್ಚಿಕೊಳ್ಳಬಾರದು ಅಂತ ಗ್ಯಾಸ್ ಬಾವಿಗೆ ನೀರಿನ ಜೊತೆ ಮರಳೂ ಬಿಡುತ್ತಾರೆ, ಆ ನೀರು ಮರಳನ್ನು ಹೊತ್ತುಕೊಂಡು ಹೋಗಬೇಕಾದರೆ ಮಂದವಾಗಿರಬೇಕು. ಅದಕ್ಕೆ ಬಳಸುವುದು ಗೋರಿಕಾಯಿ ಬೀಜದ ಪುಡಿ. ನಾವು ಪಲ್ಯ ಮಾಡುವ ಅದೇ ಗೋರಿಕಾಯಿ. ಜಗತ್ತಿನ ಗೋರಿಕಾಯಿ ಬೀಜದಲ್ಲಿ ಹೆಚ್ಚಿನದು ನಮ್ಮ ದೇಶದ್ದು, ಅದರಲ್ಲೂ ರಾಜಸ್ಥಾನದ್ದು. 2012ರಲ್ಲಿ ಅದರ ಬೆಲೆ ಹುಚ್ಚೆದ್ದು ಏರಿ, ಅಲ್ಲಿನ ಒಣಭೂಮಿಯ ರೈತರು ಒಂದೇ ಬೆಳೆಯಲ್ಲಿ ಸಾಲ ತೀರಿಸಿಕೊಂಡ ಸುದ್ದಿ ಓದಿ ನನಗೂ ಖುಷಿಯಾಗಿತ್ತು. ಹಾಗಾಗಿ ಬೇರೆಯವರು ಅವರ ನೆಲ ಸೀಳಿಕೊಳ್ಳಲಿ, ನಾವು ಗ್ಯಾಸ್ ಉರಿಸಿಕೊಂಡು ಆರಾಮಾಗಿರೋಣ ಅನ್ನುವ ಮಾತು ನನ್ನ ಬಾಯಲ್ಲಿ ಬರುವುದಿಲ್ಲ.

ನನಗೆ ಚಿಂತೆ ನೀರಿನದು. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಕಡೆ ಒಂದು ಶೇಲ್ ಬಾವಿ ಸೀಳಲು ಒಂದೂವರೆ ಕೋಟಿ ಲೀಟರ್ ನೀರು ಅಂತ ಹಿಡಿದರೂ ಕಡಿಮೆಯೇ. 12 ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 1,250 ಟ್ಯಾಂಕರ್. ಒಂದು ಬಾವಿಗೆ! ಬೇಸಿಗೆಯಲ್ಲಿ ಒಂದು ಟ್ಯಾಂಕರ್‌ಗೆ ಬಿಂದಿಗೆ ಸಾಲಿಟ್ಟು ಕಾಯುವ ಊರಿನವನಿಗೆ ಈ ಲೆಕ್ಕ ನಿದ್ದೆ ಕೊಡುವುದಿಲ್ಲ. ಅದರಲ್ಲಿ ಕೆಮಿಕಲ್ ಅರ್ಧ ಪರ್ಸೆಂಟ್ ಅಷ್ಟೇ ಅನ್ನುತ್ತಾರೆ. ಒಂದೂವರೆ ಕೋಟಿಯಲ್ಲಿ ಅರ್ಧ ಪರ್ಸೆಂಟ್ ಅಂದರೆ 75 ಸಾವಿರ ಲೀಟರ್. ಇಷ್ಟೆಲ್ಲ ಮಾಡಿದ ಮೇಲೆ ಬಾವಿ ಬಹಳ ಕಾಲ ಬಾಳುತ್ತದಾ ಅಂದರೆ ಅದೂ ಇಲ್ಲ. ಮೊದಲ ವರ್ಷ ಕಳೆಯುವಷ್ಟರಲ್ಲೇ ಗ್ಯಾಸ್ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ, ಉತ್ಪಾದನೆ ಹಾಗೇ ಇರಬೇಕಾದರೆ ಇನ್ನೊಂದು ಬಾವಿ, ಮತ್ತೊಂದು ಬಾವಿ. ಬೋರ್ ಮೇಲೆ ಬೋರ್ ಹಾಕಿ ನೆಲ ಜರಡಿ ಮಾಡಿಕೊಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾ?

ಕಂಪನಿಯವರು ಹೇಳುವ ಒಂದು ಮಾತು ನಿಜ. ಗ್ಯಾಸ್ ಇರುವ ಶೇಲ್ ಸಾಮಾನ್ಯವಾಗಿ ಎರಡು ಮೂರು ಕಿಲೋಮೀಟರ್ ಆಳದಲ್ಲಿರುತ್ತದೆ, ಕುಡಿಯುವ ನೀರು ಮೇಲಿನ ಕೆಲವು ನೂರು ಅಡಿಯಲ್ಲಿ. ಸೀಳು ಅಲ್ಲಿಂದ ಇಲ್ಲಿಗೆ ಹತ್ತಿ ಬರುವುದು ಅಪರೂಪ. ತೊಂದರೆ ಬರುವುದು ಬೇರೆ ದಾರಿಯಲ್ಲಿ. ಬಾವಿ ಸುತ್ತ ಹಾಕಿದ ಕೇಸಿಂಗ್, ಸಿಮೆಂಟ್ ಸರಿಯಿಲ್ಲದಿದ್ದರೆ ಗ್ಯಾಸ್ ಸೋರುತ್ತದೆ. ಮೇಲೆ ಲಾರಿಯಿಂದ, ಹೊಂಡದಿಂದ ಚೆಲ್ಲುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಒಳಗೆ ಹೋದ ನೀರಿನಲ್ಲಿ ಒಂದಷ್ಟು ವಾಪಸ್ ಬರುತ್ತದಲ್ಲ, ಅದು ಸಮುದ್ರದ ನೀರಿಗಿಂತ ಎಷ್ಟೋ ಪಟ್ಟು ಉಪ್ಪಾಗಿರಬಹುದು, ವಿಕಿರಣ ಸೂಸುವ ರೇಡಿಯಂನಂಥದ್ದನ್ನೂ ಹೊತ್ತು ತರಬಹುದು. ಪೆನ್ಸಿಲ್ವೇನಿಯಾದಲ್ಲಿ ಮೊದಮೊದಲು ಆ ನೀರನ್ನು ಊರಿನ ಕೊಳಚೆ ನೀರು ಶುದ್ಧ ಮಾಡುವ ಘಟಕಗಳಿಗೆ ಕಳಿಸಿದರು. ಆ ಘಟಕಗಳಿಗೆ ಉಪ್ಪು ತೆಗೆಯುವ ಶಕ್ತಿಯೇ ಇರಲಿಲ್ಲ, ಉಪ್ಪು ಹಾಗೇ ನದಿ ಸೇರಿತು. 2011ರಲ್ಲಿ ರಾಜ್ಯ ಸರ್ಕಾರವೇ ಇನ್ನು ಅಲ್ಲಿಗೆ ಕಳಿಸಬೇಡಿ ಅಂತ ಕೇಳಿಕೊಳ್ಳಬೇಕಾಯಿತು. ಅಮೆರಿಕದ್ದೇ ಇನ್ನೊಂದು ರಾಜ್ಯ ಒಕ್ಲಹೋಮಾದಲ್ಲಿ ಎಣ್ಣೆ ಬಾವಿಗಳ ಉಪ್ಪು ನೀರನ್ನು ಬೇರೆ ಆಳದ ಬಾವಿಗಳಿಗೆ ತುಂಬಿ ತುಂಬಿ, ವರ್ಷಕ್ಕೆ ಒಂದೋ ಎರಡೋ ಆಗುತ್ತಿದ್ದ 3ರ ತೀವ್ರತೆಗಿಂತ ಮೇಲಿನ ಭೂಕಂಪ 2015ರಲ್ಲಿ 900ರಷ್ಟಾಯಿತು. 2016ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಪಾನಿ ಊರಿನ ಹತ್ತಿರ 5.8ರ ಭೂಕಂಪ ಆಯಿತು. ಬೆಂಗಳೂರಿನ ಕೊಳಚೆ ಶುದ್ಧ ಮಾಡಿ ಕಳಿಸುವ ಕೆ.ಸಿ. ವ್ಯಾಲಿ ನೀರು ನಮ್ಮ ಕೆರೆಗಳಿಗೆ ಬಂದಾಗ ಅದರಲ್ಲಿ ಏನಿದೆ ಅಂತ ಜಿಲ್ಲೆಗೆ ಜಿಲ್ಲೆಯೇ ಕೇಳಿತ್ತು, ನೆನಪಿದೆಯಲ್ವಾ? ಇಲ್ಲೂ ಕೇಳಬೇಕಾದ್ದು ಅದನ್ನೇ.

ನಮ್ಮ ಜಿಲ್ಲೆಯ ಕೆಳಗೆ ಇರುವುದು ಗ್ರಾನೈಟು, ಇಲ್ಲಿ ಶೇಲ್ ಗ್ಯಾಸ್ ಹುಡುಕಿಕೊಂಡು ಯಾರೂ ಬರುವುದಿಲ್ಲ. ಆದರೆ ನೀವು ಲೋಕಸಭೆಯಲ್ಲಿ ಕೂರುವುದು ಇಡೀ ದೇಶದ ಕಾನೂನು ಮಾಡಲು. ಪಶ್ಚಿಮ ಬಂಗಾಳದ ದುರ್ಗಾಪುರದ ಹತ್ತಿರ ಇಚ್ಛಾಪುರದಲ್ಲಿ 2011ರಲ್ಲೇ ಕೇಂದ್ರ ಸರ್ಕಾರದ ಎಣ್ಣೆ ಕಂಪನಿ ಒಎನ್‌ಜಿಸಿಗೆ ಶೇಲ್ ಗ್ಯಾಸ್ ಕಂಡಿತ್ತು. 2013ರಲ್ಲಿ ಗುಜರಾತ್‌ನ ಜಂಬುಸರ್ ಹತ್ತಿರ ಬಾವಿ ಕೊರೆದರು. ರಾಜಸ್ಥಾನದ ಬಾರ್ಮೇರ್‌ನ ಮರಳುಗಾಡಿನಲ್ಲಿ ರಾಗೇಶ್ವರಿ ಅನ್ನುವ ಕಡೆ ಗಟ್ಟಿ ಬಂಡೆ ಸೀಳಿಯೇ ಗ್ಯಾಸ್ ತೆಗೆಯುತ್ತಿದ್ದಾರೆ. ಶೇಲ್‌ನಿಂದ ಮಾತ್ರ ಲಾಭಕ್ಕೆ ಬರುವಷ್ಟು ಇದುವರೆಗೆ ಸಿಕ್ಕಿಲ್ಲ. ಅದಕ್ಕೇ ಹೇಳುತ್ತಿರುವುದು, ನಿಯಮ ಮಾಡಲು ಇದೇ ಸರಿಯಾದ ಹೊತ್ತು. ಒಮ್ಮೆ ದುಡ್ಡು ಹರಿಯಲು ಶುರುವಾದರೆ ನಿಮ್ಮ ಮಾತೂ ನಡೆಯುವುದಿಲ್ಲ, ನಮ್ಮದೂ ನಡೆಯುವುದಿಲ್ಲ.

ತಮಿಳುನಾಡಿನಲ್ಲಿರುವ ಕಾವೇರಿಯ ಕೊನೆಯ ಬಯಲೂ ಎಣ್ಣೆ, ಗ್ಯಾಸಿನ ನೆಲವೇ. ಮಂಡ್ಯದ ರೈತ ತನ್ನ ಗದ್ದೆ ಒಣಗುವಾಗಲೂ ಕೆಆರ್‌ಎಸ್‌ನಿಂದ ನೀರು ಹೋಗುವುದನ್ನು ನೋಡುತ್ತಾ ನಿಂತಿದ್ದಾನೆ. ಆ ನೀರು ತಂಜಾವೂರು, ತಿರುವಾರೂರಿನ ಭತ್ತಕ್ಕೆ ಹೋಗುತ್ತದೆ ಅನ್ನುವುದಾದರೂ ಒಂದು ಸಮಾಧಾನ. 2017ರಲ್ಲಿ ಪುದುಕೋಟೆ ಜಿಲ್ಲೆಯ ನೆಡುವಾಸಲ್‌ನಲ್ಲಿ ಹೈಡ್ರೋಕಾರ್ಬನ್ (ಅಂದರೆ ಎಣ್ಣೆ, ಗ್ಯಾಸ್ ತೆಗೆಯುವ) ಯೋಜನೆ ಬೇಡ ಅಂತ ಜನ ಬೀದಿಗಿಳಿದರು. 2020ರಲ್ಲಿ ತಮಿಳುನಾಡು ಸರ್ಕಾರ ಆ ಬಯಲನ್ನು ರಕ್ಷಿತ ಕೃಷಿ ವಲಯ ಅಂತ ಕಾನೂನು ಮಾಡಿ ಹೊಸದಾಗಿ ಎಣ್ಣೆ, ಗ್ಯಾಸ್, ಶೇಲ್ ಗ್ಯಾಸ್ ತೆಗೆಯುವುದನ್ನು ನಿಲ್ಲಿಸಿತು. ನೀರಿಗಾಗಿ ಅವರೊಂದಿಗೆ ನಮಗೆ ಎಷ್ಟೇ ಜಗಳ ಇರಲಿ, ಈ ಕೆಲಸ ಅವರು ಸರಿಯಾಗಿ ಮಾಡಿದರು ಅಂತ ನಾನು ಮನಸಾರೆ ಹೇಳುತ್ತೇನೆ. ಆದರೆ ಆ ರಕ್ಷಣೆ ಆ ಜಿಲ್ಲೆಗಳಿಗಷ್ಟೇ.

ಉಳಿದವರಿಗೆ ಏನಿದೆ? ಅದೇ ವರ್ಷ ಜನವರಿಯಲ್ಲಿ ಕೇಂದ್ರದ ಪರಿಸರ ಸಚಿವಾಲಯ ಎಣ್ಣೆ, ಗ್ಯಾಸ್ ಹುಡುಕುವ ಹಂತಕ್ಕೆ ಸಾರ್ವಜನಿಕ ಅಹವಾಲು ಬೇಕಿಲ್ಲ ಅಂತ ಮಾಡಿತು. ಶೇಲ್‌ನಲ್ಲಿ ಎಷ್ಟು ಗ್ಯಾಸ್ ಬರುತ್ತದೆ ಅಂತ ನೋಡಬೇಕಾದರೂ ಬಂಡೆ ಸೀಳಿಯೇ ನೋಡಬೇಕು. ಅಂದರೆ ಊರವರನ್ನು ಒಂದು ಮಾತೂ ಕೇಳದೆ ಮೊದಲ ಸೀಳು ಬೀಳಬಹುದು. ಹೊಸ ತಿದ್ದುಪಡಿಯಲ್ಲಿ ಆರು ತಿಂಗಳ ಜೈಲು, ಸಾವಿರ ರೂಪಾಯಿ ದಂಡ ತೆಗೆದು 25 ಲಕ್ಷದವರೆಗೆ ದಂಡ, ಸರಿಪಡಿಸದೆ ಮುಂದುವರಿದರೆ ದಿನಕ್ಕೆ 10 ಲಕ್ಷದವರೆಗೆ ಅಂತ ಇಟ್ಟಿದ್ದಾರೆ. ಸಾವಿರ ರೂಪಾಯಿಗಿಂತ ಒಳ್ಳೆಯದೇ. ಆದರೆ ಆ ದುಡ್ಡು ಸರ್ಕಾರಕ್ಕೆ ಹೋಗುತ್ತದೆ. ಬಾವಿ ಕೆಟ್ಟವರ ಕೈಗೆ ಏನು ಬರುತ್ತದೆ ಸರ್?

ಪೆನ್ಸಿಲ್ವೇನಿಯಾದವರು ಪೆಟ್ಟು ತಿಂದು ಕಲಿತ ಒಂದು ಪಾಠ ಇದೆ. 2012ರ ಅವರ ಕಾನೂನಿನಲ್ಲಿ ಹೀಗಿದೆ: ಶೇಲ್ ಬಾವಿಯಿಂದ 2,500 ಅಡಿ ಒಳಗೆ, ಕೆಲಸ ಮುಗಿದ 12 ತಿಂಗಳೊಳಗೆ ಯಾರದಾದರೂ ನೀರು ಕೆಟ್ಟರೆ ಅದಕ್ಕೆ ಕಂಪನಿಯೇ ಕಾರಣ ಅಂತ ಮೊದಲೇ ಹಿಡಿಯಲಾಗುತ್ತದೆ. ಇಲ್ಲ ಅನ್ನಬೇಕಾದರೆ ಕಂಪನಿ ಸಾಬೀತು ಮಾಡಬೇಕು. ಹಾಗಾಗಿ ಕಂಪನಿಯವರು ಕೊರೆಯುವ ಮುಂಚೆಯೇ ಮನೆಮನೆಗೆ ಹೋಗಿ ಬಾವಿ ನೀರು ಪರೀಕ್ಷೆ ಮಾಡಿಸಿ ರಿಪೋರ್ಟ್ ಇಟ್ಟುಕೊಳ್ಳುತ್ತಾರೆ. ಎಷ್ಟು ಸಣ್ಣ ಕೆಲಸ ನೋಡಿ, ಆದರೆ ಇದೊಂದರಿಂದ ಇಡೀ ಆಟ ತಿರುಗುತ್ತದೆ. ಆ ಅಜ್ಜಿಯ ಹತ್ತಿರ ಅಂಥ ಒಂದು ರಿಪೋರ್ಟ್ ಇದ್ದಿದ್ದರೆ ನಮ್ಮ ಮೇಸ್ತ್ರಿಯ ಬಾಯಿಂದ ಆ ಮಾತು ಬರುತ್ತಲೇ ಇರಲಿಲ್ಲ.

ನನ್ನ ಕೋರಿಕೆ ಇಷ್ಟು. ಈ ಕಾಯ್ದೆಯ ನಿಯಮಗಳಲ್ಲಿ ಅದೇ ಷರತ್ತು ಬರಲಿ ಅಂತ ಪೆಟ್ರೋಲಿಯಂ ಸಚಿವರನ್ನು ಸದನದಲ್ಲಿ ಕೇಳಿ. ಬಂಡೆ ಸೀಳುವ ಮುಂಚೆ ಸುತ್ತಲಿನ ಪ್ರತಿ ಬಾವಿ, ಬೋರ್, ಕೆರೆಯ ನೀರು ಪರೀಕ್ಷೆಯಾಗಬೇಕು, ಒಂದು ಪ್ರತಿ ಮನೆಯವರ ಕೈಯಲ್ಲಿ, ಒಂದು ಪಂಚಾಯಿತಿಯಲ್ಲಿ, ಅವರ ಭಾಷೆಯಲ್ಲೇ ಇರಬೇಕು. ಒಳಗೆ ಬಿಡುವ ಕೆಮಿಕಲ್‌ಗಳ ಹೆಸರು, ಅಳತೆ ಮುಚ್ಚಿಡದೆ ಬರೆದು ಹಾಕಬೇಕು. ನೀರು ಎಲ್ಲಿಂದ ತರುತ್ತೀರಿ, ವಾಪಸ್ ಬಂದ ನೀರು ಎಲ್ಲಿಗೆ ಹೋಗುತ್ತದೆ ಅಂತ ಮೊದಲೇ ಹೇಳದವರಿಗೆ ಪರವಾನಗಿ ಬೇಡ. ಹುಡುಕುವ ಬಾವಿಯೇ ಆಗಲಿ, ಸೀಳುವುದಾದರೆ ಊರವರನ್ನು ಕೂರಿಸಿ ಕೇಳಲಿ. ಇಷ್ಟಕ್ಕೆ ಒಪ್ಪಿ ಗ್ಯಾಸ್ ತೆಗೆಯುವವರಿದ್ದರೆ ನನ್ನ ತಕರಾರಿಲ್ಲ. ಇಷ್ಟೂ ಆಗುವುದಿಲ್ಲ ಅನ್ನುವವರ ಕೈಗೆ ಯಾರ ಊರಿನ ನೆಲವನ್ನೂ ಕೊಡಬಾರದು.

ಮುಂದಿನ ಅಧಿವೇಶನದಲ್ಲಿ ಈ ಪ್ರಶ್ನೆ ಹಾಕುತ್ತೀರಾ, ಇಲ್ಲವಾ ಅಂತ ಎರಡು ಸಾಲು ಬರೆದು ತಿಳಿಸಿ ಸರ್. ಕನ್ನಡದಲ್ಲೇ ಬರೆಯಿರಿ. ನಮ್ಮೂರಿನ ಶುದ್ಧ ನೀರಿನ ಘಟಕದ ಹತ್ತಿರ ಬೆಳಿಗ್ಗೆ ಎಲ್ಲರೂ ಕ್ಯಾನ್ ಹಿಡಿದು ನಿಂತಿರುತ್ತಾರೆ, ಅಲ್ಲೇ ಗೋಡೆಗೆ ಅಂಟಿಸುತ್ತೇನೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಬೋರ್‌ವೆಲ್ ಕೆಲಸಗಾರ