ಅಜ್ಜಿಯ ಕೈ ಕಾಣದ ಫೋಟೋ

ಪ್ರೀತಿಯ ಪುಟ್ಟ,

ದೊಡ್ಡಮ್ಮನ ಆಶೀರ್ವಾದಗಳು.

ನೀನು ಕಳಿಸಿದ ಫೋಟೋಗಳನ್ನೆಲ್ಲ ನೋಡಿದೆ. ಮೊದಲ ಸಲ ಮೊಬೈಲಿನಲ್ಲಿ, ಆಮೇಲೆ ರಾತ್ರಿ ದೊಡ್ಡ ಪರದೆಯಲ್ಲಿ ಒಂದೊಂದಾಗಿ. ಕತ್ತಲಲ್ಲಿ ಟಾರ್ಚ್ ಆಡಿಸಿ ತೆಗೆದದ್ದು, ಗಾಜಿನ ಗೋಲದೊಳಗೆ ತಲೆಕೆಳಗಾದ ಮರ, ಜೂಮ್ ತಿರುಗಿಸುತ್ತಾ ತೆಗೆದ ದೀಪಗಳು, ನೀರಿನ ಹನಿ, ಎರಡು ಚಿತ್ರವನ್ನು ಒಂದರ ಮೇಲೊಂದು ಕೂರಿಸಿದ ಡಬಲ್ ಎಕ್ಸ್‌ಪೋಷರ್. ಎರಡು ತಿಂಗಳಲ್ಲಿ ಒಂಬತ್ತು ಬಗೆ ಮಾಡಿದ್ದೀಯ. ಕೊನೆಗೆ ನೀನು ಬರೆದ ಸಾಲು ಮಾತ್ರ ಮನಸ್ಸಿನಲ್ಲೇ ಉಳಿಯಿತು: "ಎಲ್ಲಾ ಮಾಡಿ ನೋಡಿದೆ ದೊಡ್ಡಮ್ಮ, ಎಲ್ಲಾ ಬೇರೆಯವರ ಫೋಟೋ ಥರಾನೇ ಇದೆ. ಒಂದು ಒಳ್ಳೆ ಲೆನ್ಸ್ ತಗೊಂಡ್ರೆ ಸರಿಹೋಗುತ್ತೇನೋ."

ಲೆನ್ಸ್ ಈಗ ಬೇಡ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹೊಸ ಲೆನ್ಸ್ ಬಂದರೆ ಇದೇ ಒಂಬತ್ತನ್ನು ಇನ್ನೊಂದು ಸಲ ತೆಗೆಯುತ್ತೀಯ, ಸ್ವಲ್ಪ ಶಾರ್ಪ್ ಆಗಿ. ನಿನ್ನ ಬೇಸರ ಅಲ್ಲಿಗೆ ಹೋಗುವುದಿಲ್ಲ.

ಬೇರೆಯವರ ಥರ ಇರುವುದು ತಪ್ಪೂ ಅಲ್ಲ. ಯಾರೋ ಮಾಡಿದ್ದನ್ನು ನೋಡಿ ಮಾಡದೆ ಯಾವ ಕೈಗೂ ಕೆಲಸ ಬಂದಿಲ್ಲ. ನೀನು ಎಡವಿದ್ದು ಬೇರೆ ಕಡೆ ಅಂತ ನನಗೆ ಅನಿಸುತ್ತದೆ. ಒಂದು ವಿಧಾನ ಕೈಗೆ ಸಿಕ್ಕ ದಿನವೇ ಅದನ್ನು ಬಿಟ್ಟು ಮುಂದಿನದಕ್ಕೆ ಹೋಗಿದ್ದೀಯ. ಹೇಗೆ ಮಾಡುವುದು ಅಂತ ಗೊತ್ತಾದ ಕೂಡಲೇ ಮುಗಿಯಿತು ಅಂದುಕೊಂಡೆ. ಆದರೆ ಕೆಲಸ ಶುರುವಾಗುವುದೇ ಆಗ. ಈ ವಿಧಾನ ನನ್ನ ಕಣ್ಣಿಗೆ ಕಾಣದ ಏನನ್ನು ತೋರಿಸುತ್ತದೆ ಅಂತ ಕೇಳಿಕೊಳ್ಳಬೇಕಾದ ಹೊತ್ತು ಅದು.

ಬೆಳಕು ಒಳಗೆ ಬಿಡುವ ಶಟರನ್ನು ಹೆಚ್ಚು ಹೊತ್ತು ತೆರೆದಿಡುವ ಸ್ಲೋ ಶಟರ್ ವಿಷಯವನ್ನೇ ತಗೋ, ನನಗೆ ಅದು ಚೆನ್ನಾಗಿ ಗೊತ್ತು. 1838ರಲ್ಲಿ, ಫೋಟೋಗ್ರಫಿಯ ಮೊದಲಿಗರಲ್ಲಿ ಒಬ್ಬರಾದ ಲೂಯಿ ದಾಗೆರ್ ಪ್ಯಾರಿಸ್ಸಿನ ಒಂದು ದೊಡ್ಡ ಬೀದಿಯನ್ನು ಮೇಲಿನ ಕಿಟಕಿಯಿಂದ ಫೋಟೋ ತೆಗೆದರು. ಹಗಲು ಹೊತ್ತು, ಜನ, ಗಾಡಿ, ಕುದುರೆ ಎಲ್ಲಾ ಓಡಾಡುವ ಬೀದಿ. ಫೋಟೋದಲ್ಲಿ ಮಾತ್ರ ಬೀದಿ ಖಾಲಿ. ಚಿತ್ರ ಮೂಡಲು ಆಗಿನ ಲೋಹದ ಪ್ಲೇಟಿಗೆ ಕೆಲವು ನಿಮಿಷ ಬೆಳಕು ಬೇಕಿತ್ತು, ನಡೆದಾಡುವವರು ಅದರಲ್ಲಿ ಗುರುತೇ ಉಳಿಸದೆ ಹೋದರು. ಒಂದು ಮೂಲೆಯಲ್ಲಿ ಒಬ್ಬ ಮನುಷ್ಯ ಮಾತ್ರ ಸ್ಪಷ್ಟವಾಗಿ ಕಾಣುತ್ತಾನೆ. ಶೂ ಪಾಲಿಶ್ ಮಾಡಿಸಿಕೊಳ್ಳಲು ಒಂದು ಕಾಲು ಎತ್ತಿಟ್ಟು ನಿಂತಿದ್ದ, ಅದಕ್ಕೇ ಉಳಿದ. ಮನುಷ್ಯರು ಕಾಣುವ ಫೋಟೋಗಳಲ್ಲಿ ಇದೇ ಅತ್ಯಂತ ಹಳೆಯದು ಅನ್ನುತ್ತಾರೆ. ನಾನು ಅದನ್ನು ಮೊದಲ ಸಲ ಪುಸ್ತಕದಲ್ಲಿ ನೋಡಿದಾಗ ಸುಮ್ಮನೆ ಬಹಳ ಹೊತ್ತು ಕೂತುಬಿಟ್ಟೆ. ಶಟರ್ ತೆರೆದೇ ಇದ್ದರೆ ಕ್ಯಾಮೆರಾ ತಾನೇ ಆರಿಸಲು ಶುರು ಮಾಡುತ್ತದೆ ಅಲ್ವಾ? ನಿಂತದ್ದನ್ನು ಇಟ್ಟುಕೊಳ್ಳುತ್ತದೆ, ಓಡಿದ್ದನ್ನು ಬಿಟ್ಟುಬಿಡುತ್ತದೆ. ಕಣ್ಣಿಗೆ ಹಾಗೆ ನೋಡಲು ಬರುವುದೇ ಇಲ್ಲ.

ನಾನು ಶುರು ಮಾಡಿದ್ದು ಪ್ಯಾನಿಂಗ್‌ನಿಂದ, ಅಂದರೆ ಓಡುವುದರ ಜೊತೆಗೇ ಕ್ಯಾಮೆರಾ ತಿರುಗಿಸಿ ತೆಗೆಯುವುದರಿಂದ. ರಸ್ತೆ ಬದಿ ನಿಂತು ಸೈಕಲ್ ಸವಾರರ ಫೋಟೋ ತೆಗೆಯುತ್ತಿದ್ದೆ. ಶಟರ್ 1/30 ಸೆಕೆಂಡ್. ಕಾಲು ಗಟ್ಟಿಯಾಗಿ ಊರಿ, ಸೊಂಟದಿಂದ ಮೇಲೆ ಮಾತ್ರ ತಿರುಗಬೇಕು. ಸವಾರ ಇನ್ನೂ ದೂರ ಇರುವಾಗಲೇ ಕ್ಯಾಮೆರಾ ಅವನ ಜೊತೆ ಹೊರಟಿರಬೇಕು, ಗುಂಡಿ ಒತ್ತಿದ ಮೇಲೂ ತಿರುಗುವುದನ್ನು ನಿಲ್ಲಿಸಬಾರದು. ಎಲ್ಲರೂ ತಪ್ಪುವುದು ಅಲ್ಲೇ, ಕ್ಲಿಕ್ ಅಂದ ಕೂಡಲೇ ಕೈ ನಿಂತುಬಿಡುತ್ತದೆ. ಇನ್ನೂರು ಫ್ರೇಮಿನಲ್ಲಿ ಎರಡೋ ಮೂರೋ ಸರಿ ಬರುತ್ತಿದ್ದವು. ಸವಾರನ ಮುಖ ಚೊಕ್ಕ, ಹಿಂದಿನ ಗೋಡೆ ಗೆರೆಗೆರೆ. ಖುಷಿಯಾಗುತ್ತಿತ್ತು. ಅದೂ ಬೇರೆಯವರ ಫೋಟೋ ಥರಾನೇ ಇತ್ತು, ನಿನ್ನದರ ಹಾಗೆ.

ಆದರೂ ನಾನು ಅದನ್ನು ಬಿಡಲಿಲ್ಲ. ಸೈಕಲ್ ಸಾಕಾಯಿತು, ಸ್ಲೋ ಶಟರ್ ಸಾಕಾಗಲಿಲ್ಲ. ಮನೆಯಲ್ಲಿ ಚಲಿಸುವುದು ಏನೇನಿದೆ ಅಂತ ಹುಡುಕತೊಡಗಿದೆ. ಪರದೆ, ನಲ್ಲಿ, ತೆರೆಯುವ ಬಾಗಿಲು. ಒಂದು ಮಧ್ಯಾಹ್ನ ಅಜ್ಜಿ ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದರು. 1/8 ಸೆಕೆಂಡಿಗೆ ಇಟ್ಟು ತೆಗೆದೆ. ಸೂಜಿಯ ಮೇಲೆ ಕಣ್ಣಿಟ್ಟಿದ್ದರಿಂದ ಅವರ ಮುಖ ಒಂದಿಷ್ಟೂ ಅಲುಗಿರಲಿಲ್ಲ. ಕೈಗಳೂ ಬಟ್ಟೆಯೂ ಮಾತ್ರ ಒಂದರೊಳಗೊಂದು ಕರಗಿ ನೀರಿನ ಹಾಗೆ ಹರಿದಿದ್ದವು. ನಮ್ಮ ಹಜಾರದ ಗೋಡೆಯ ಮೇಲೆ ಇರುವುದು ಅದೇ. ನೀನು ಚಿಕ್ಕವನಿದ್ದಾಗ "ಅಜ್ಜಿಗೆ ಕೈ ಯಾಕಿಲ್ಲ?" ಅಂತ ಕೇಳಿದ್ದೆ, ನೆನಪಿದೆಯಾ? ಅವತ್ತು ನನಗೆ ಉತ್ತರ ಹೊಳೆಯಲಿಲ್ಲ. ಈಗ ಹೇಳುತ್ತೇನೆ. ಅಜ್ಜಿಯನ್ನು ನಾವು ಯಾರೂ ಕೈ ಸುಮ್ಮನಿಟ್ಟು ಕೂತದ್ದನ್ನು ನೋಡಿಯೇ ಇಲ್ಲ. ಚೊಕ್ಕವಾಗಿ ತೆಗೆದ ಎಷ್ಟೋ ಫೋಟೋಗಳಲ್ಲಿ ಅವರ ಕೈ ಇದೆ, ಆದರೆ ಅವರು ಅಷ್ಟಾಗಿ ಇಲ್ಲ. ಸೈಕಲ್ಲುಗಳ ಜೊತೆ ಅಷ್ಟು ದಿನ ನಿಂತಿರದಿದ್ದರೆ ಆ ಮಧ್ಯಾಹ್ನ 1/8ಕ್ಕೆ ಇಡಬೇಕು ಅಂತ ನನಗೆ ತೋಚುತ್ತಿರಲಿಲ್ಲ.

ಅದಕ್ಕೇ ನಿನಗೆ ಹೇಳುವುದು, ಒಂಬತ್ತರಲ್ಲಿ ಒಂದನ್ನು ಇಟ್ಟುಕೋ. ಉಳಿದ ಎಂಟನ್ನು ಮೂರು ತಿಂಗಳು ಮುಟ್ಟಬೇಡ.

ಸ್ಲೋ ಶಟರಿನಲ್ಲಿ ಬೆಳಕು ಜಾಸ್ತಿ ಆಗಿ ಫೋಟೋ ಬೆಳ್ಳಗಾಗುತ್ತದೆ ಅಂತ ಬರೆದಿದ್ದೀಯಲ್ಲ, ಅದಕ್ಕೆ ದಾರಿ ಇದೆ. ಕ್ಯಾಮೆರಾ ಬೆಳಕಿಗೆ ಎಷ್ಟು ಸ್ಪಂದಿಸಬೇಕು ಅನ್ನುವ ಐಎಸ್‌ಒ 100ಕ್ಕೆ ಇಳಿಸು, ಲೆನ್ಸಿನೊಳಗೆ ಬೆಳಕು ಬರುವ ಕಿಂಡಿಯನ್ನು, ಅಂದರೆ ಅಪರ್ಚರನ್ನು, ಎಫ್ 16ಕ್ಕೆ ಕಿರಿದು ಮಾಡು. ಆಗಲೂ ನಡುಹಗಲಿನಲ್ಲಿ ಅರ್ಧ ಸೆಕೆಂಡ್ ಸಿಗುವುದಿಲ್ಲ. ಎನ್‌ಡಿ ಫಿಲ್ಟರ್, ಅಂದರೆ ಲೆನ್ಸಿನ ಮುಂದೆ ಹಾಕುವ ಕಪ್ಪು ಗಾಜು, ಇದ್ದರೆ ಸಿಗುತ್ತದೆ. ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ ಇಳಿಯುವುದು. 6 ಸ್ಟಾಪಿನದು ಬೆಳಕನ್ನು 64 ಪಟ್ಟು ಕಡಿಮೆ ಮಾಡುತ್ತದೆ, 10 ಸ್ಟಾಪಿನದು ಸುಮಾರು ಸಾವಿರ ಪಟ್ಟು. 1/30 ಸೆಕೆಂಡಿಗೆ ಬರುತ್ತಿದ್ದ ಫೋಟೋಗೆ ಆಗ ಅರ್ಧ ನಿಮಿಷ ಬೇಕಾಗುತ್ತದೆ. ಆದರೆ ಕೊಳ್ಳುವ ಮೊದಲು ಸಂಜೆಯವರೆಗೆ ಕಾದು ನೋಡು. ಸಂಜೆಗೆ ಫಿಲ್ಟರಿನ ಹಂಗಿಲ್ಲ, ಬೆಳಕೂ ಮೆತ್ತಗಿರುತ್ತದೆ.

ಡಬಲ್ ಎಕ್ಸ್‌ಪೋಷರ್‌ನಲ್ಲಿ ನಿನಗೆ ಎರಡೂ ಚಿತ್ರ ಕಲಸಿಹೋಗಿವೆ. ಮೊದಲ ಫೋಟೋದಲ್ಲಿ ಎಲ್ಲಿ ಕತ್ತಲಿದೆಯೋ ಅಲ್ಲಿ ಮಾತ್ರ ಎರಡನೆಯದು ಕಾಣುತ್ತದೆ, ಬೆಳ್ಳಗಾದ ಜಾಗದಲ್ಲಿ ಇನ್ನೇನೂ ಹಿಡಿಸುವುದಿಲ್ಲ. ಬಿಳಿ ಆಕಾಶದ ಎದುರು ಕಪ್ಪು ನೆರಳಾಗಿ ಒಬ್ಬರನ್ನು ನಿಲ್ಲಿಸಿ, ಆಮೇಲೆ ಎಲೆಗಳನ್ನು ತೆಗೆದರೆ ಎಲೆ ಆ ಮನುಷ್ಯನ ಒಳಗೆ ಮಾತ್ರ ತುಂಬುತ್ತದೆ. ಎರಡು ಫ್ರೇಮ್ ಸೇರಿಸುವುದಾದರೆ ಒಂದೊಂದಕ್ಕೂ ಒಂದು ಸ್ಟಾಪ್ ಬೆಳಕು ಕಡಿಮೆ ಕೊಡು, ನಾಲ್ಕಾದರೆ ಎರಡು ಸ್ಟಾಪ್. ಕೆಲವು ಕ್ಯಾಮೆರಾ ಈ ಲೆಕ್ಕವನ್ನು ತಾನೇ ಮಾಡಿಕೊಳ್ಳುತ್ತದೆ, ಮೆನುವಿನಲ್ಲಿ ಒಮ್ಮೆ ನೋಡಿಕೋ.

ಈ ವಿಷಯ ಬಂದಾಗೆಲ್ಲ ಒಂದು ಹಳೆಯ ನೋವು ನೆನಪಾಗುತ್ತದೆ. ಫಿಲ್ಮ್ ಕಾಲ. ಫಿಲ್ಮ್ ಮುಂದಕ್ಕೆ ಹೋಗದಂತೆ ತಡೆದು ಅದೇ ಫ್ರೇಮಿನ ಮೇಲೆ ಎರಡನೆಯ ಸಲ ತೆಗೆಯಬೇಕಿತ್ತು. ಒಂದು ಇಡೀ ರೋಲ್ ಹಾಗೆ ಮಾಡಿ ಲ್ಯಾಬಿಗೆ ಕೊಟ್ಟೆ. ಅವರು ಕ್ಯಾಮೆರಾ ಕೆಟ್ಟಿದೆ ಅಂದುಕೊಂಡು ಒಂದನ್ನೂ ಪ್ರಿಂಟ್ ಮಾಡಲಿಲ್ಲ. ಕವರಿನ ಮೇಲೆ "ಸರಿ ಬಂದಿಲ್ಲ" ಅಂತ ಬರೆದು ನೆಗೆಟಿವ್ ವಾಪಸ್ ಕೊಟ್ಟರು. ಆ ಮಾತನ್ನು ನಾನೂ ನಂಬಿಬಿಟ್ಟೆ, ಪುಟ್ಟ. ಕವರನ್ನು ತೆರೆಯದೆ ಪೆಟ್ಟಿಗೆಯ ತಳದಲ್ಲಿ ಇಟ್ಟೆ. ಎಷ್ಟೋ ವರ್ಷದ ಮೇಲೆ ಸ್ಕ್ಯಾನ್ ಮಾಡಿಸಿದಾಗ ನೋಡಿದರೆ ಅದರಲ್ಲಿ ನಾಲ್ಕು ಫೋಟೋ ನನಗೆ ಇವತ್ತಿಗೂ ಇಷ್ಟವಾಗುವಂಥವು. ನೆಗೆಟಿವ್ ಉಳಿದಿತ್ತು, ಹಾಗಾಗಿ ಅವೂ ಉಳಿದವು. ನಿನ್ನ ಕೈಯಲ್ಲಿರುವ ಕ್ಯಾಮೆರಾದಲ್ಲಿ ಡಿಲೀಟ್ ಗುಂಡಿ ಇದೆ, ಅದು ಆ ಲ್ಯಾಬಿಗಿಂತ ಬೇಗ ತೀರ್ಪು ಕೊಡುತ್ತದೆ. ತೆಗೆದ ಜಾಗದಲ್ಲೇ ನಿಂತು, ಹಿಂದಿನ ಚಿಕ್ಕ ಪರದೆಯಲ್ಲಿ ನೋಡಿ, ಯಾವುದನ್ನೂ ಅಳಿಸಬೇಡ. ಮನೆಗೆ ತಂದು ಒಂದು ವಾರ ಬಿಡು. ಅಂದುಕೊಂಡದ್ದು ಬರಲಿಲ್ಲ ಅನ್ನುವ ಸಿಟ್ಟು ಹೋದ ಮೇಲೆ, ಬಂದದ್ದು ಏನು ಅಂತ ಕಾಣುತ್ತದೆ.

ಫ್ರಾನ್ಸಿನ ಲಾರ್ತೀಗ್ ಅನ್ನುವ ಫೋಟೋಗ್ರಾಫರಿಗೂ ಇಂಥದ್ದೇ ಆಯಿತು. 1910ರ ದಶಕದ ಶುರುವಿನಲ್ಲಿ, ಇಪ್ಪತ್ತು ತುಂಬದ ವಯಸ್ಸಿನಲ್ಲಿ, ಓಡುವ ರೇಸ್ ಕಾರಿನ ಫೋಟೋ ತೆಗೆದರು. ಕಾರು ಫ್ರೇಮಿನಲ್ಲಿ ಅರ್ಧವೇ ಸಿಕ್ಕಿದೆ. ಚಕ್ರ ಮೊಟ್ಟೆಯ ಹಾಗೆ ಮುಂದಕ್ಕೆ ವಾಲಿದೆ, ಹಿಂದೆ ನಿಂತ ಜನ ಎದುರು ಕಡೆಗೆ ವಾಲಿದ್ದಾರೆ. ಆ ಕ್ಯಾಮೆರಾದ ಶಟರ್ ಒಂದು ಸೀಳು. ಅದು ಪ್ಲೇಟಿನ ಮೇಲೆ ಸರಿದು ಮುಗಿಸುವಷ್ಟರಲ್ಲಿ ಕಾರೂ ಮುಂದೆ ಹೋಗಿತ್ತು, ಅವರ ಕೈಯೂ ತಿರುಗಿತ್ತು. ಮೊದಲು ಅವರೇ ಅದನ್ನು ಕೆಟ್ಟ ಫೋಟೋ ಅಂದುಕೊಂಡಿದ್ದರಂತೆ. 1963ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಅವರ ಫೋಟೋಗಳನ್ನು ಪ್ರದರ್ಶನಕ್ಕೆ ಇಟ್ಟಾಗ ಅವರಿಗೆ ಎಪ್ಪತ್ತರ ಹತ್ತಿರ. ಇವತ್ತು ವೇಗದ ಫೋಟೋ ಅಂದರೆ ಜನ ಅದನ್ನೇ ನೆನೆಸಿಕೊಳ್ಳುತ್ತಾರೆ. ನಿನ್ನ ಮೊಬೈಲಿನಲ್ಲಿ ತಿರುಗುವ ಫ್ಯಾನಿನ ರೆಕ್ಕೆ ಬಾಗಿದ ಹಾಗೆ ಕಾಣುವುದೂ ಇಂಥ ಕಾರಣಕ್ಕೇ. ಅದು ಚಿತ್ರವನ್ನು ಸಾಲುಸಾಲಾಗಿ ಓದುತ್ತದೆ, ಒಟ್ಟಿಗೆ ಅಲ್ಲ.

ಒಂದು ನೋಟ್‌ಬುಕ್ ಇಟ್ಟುಕೋ. ಶಟರ್ ಎಷ್ಟು, ಅಪರ್ಚರ್ ಎಷ್ಟು ಅನ್ನುವುದು ಫೈಲಿನಲ್ಲೇ ಇರುತ್ತದೆ, ಅದನ್ನು ಬರೆಯಬೇಕಿಲ್ಲ. ಕೈಯನ್ನು ಯಾವ ಕಡೆಗೆ ಆಡಿಸಿದೆ, ಶುರುವಿನಲ್ಲಿ ಒಂದು ಗಳಿಗೆ ನಿಂತು ಆಮೇಲೆ ಆಡಿಸಿದೆಯಾ, ಬೆಳಕು ಯಾವ ಕಡೆಯಿಂದ ಬರುತ್ತಿತ್ತು, ಏನು ಸಿಗುತ್ತದೆ ಅಂದುಕೊಂಡಿದ್ದೆ. ಇವು ಫೈಲಿನಲ್ಲಿ ಇರುವುದಿಲ್ಲ. ಚೆನ್ನಾಗಿ ಬಂದ ಫೋಟೋವನ್ನು ಇನ್ನೊಂದು ಸಲ ತೆಗೆಯಲು ಬರದೆ ಒದ್ದಾಡುವುದು ಇವನ್ನು ಬರೆಯದ್ದಕ್ಕೇ.

ಯಾರಿಗಾದರೂ ತೋರಿಸುವಾಗ "ಚೆನ್ನಾಗಿದೆಯಾ?" ಅಂತ ಕೇಳಬೇಡ. ಪ್ರೀತಿ ಇರುವವರು ಚೆನ್ನಾಗಿದೆ ಅಂದೇ ಅನ್ನುತ್ತಾರೆ, ಅದರಿಂದ ನಿನಗೇನೂ ಸಿಗುವುದಿಲ್ಲ. "ಇದರಲ್ಲಿ ಏನು ಕಾಣ್ತಿದೆ?" ಅಂತ ಕೇಳು. ಅವರು ಮೊದಲು ಹೇಳುವ ಮಾತನ್ನು ಬರೆದುಕೋ.

ಇನ್ನೊಂದು ವಿಷಯದಲ್ಲಿ ನಾನು ಗಟ್ಟಿಯಾಗಿಯೇ ಹೇಳಬೇಕು. ಉರಿಯುವ ಸ್ಟೀಲ್ ವುಲ್, ಅಂದರೆ ತೆಳು ಕಬ್ಬಿಣದ ಎಳೆಗಳ ಉಂಡೆ, ತಿರುಗಿಸಿ ಕಿಡಿ ಹಾರಿಸುವುದನ್ನು ಮುಂದಿನ ಪಟ್ಟಿಯಲ್ಲಿ ಬರೆದಿದ್ದೀಯ. ಅದನ್ನು ಮಾಡಬೇಡ. ಹಾರುವುದು ಉರಿಯುತ್ತಿರುವ ಕಬ್ಬಿಣದ ಚೂರು, ಬಟ್ಟೆಗೆ, ಕಣ್ಣಿಗೆ, ಒಣಹುಲ್ಲಿಗೆ ಬೀಳುತ್ತದೆ. ಅದರಿಂದ ಬೆಂಕಿ ಹತ್ತಿದ್ದೂ ಇದೆ. ವ್ಯೂಫೈಂಡರಿನೊಳಗಿಂದ ಸೂರ್ಯನನ್ನು ನೋಡಬೇಡ, ದೂರದ್ದನ್ನು ಹತ್ತಿರ ತೋರಿಸುವ ಲೆನ್ಸ್ ಇದ್ದರಂತೂ ಖಂಡಿತ ಬೇಡ. ಲೇಸರ್ ಬೆಳಕನ್ನು ಕ್ಯಾಮೆರಾಕ್ಕೆ ನೇರ ಬಿಡಬೇಡ, ಒಳಗೆ ಚಿತ್ರ ಹಿಡಿಯುವ ಸೆನ್ಸರ್ ಸುಟ್ಟುಹೋಗಬಹುದು. ರೈಲು ಹಳಿಯ ಮೇಲೆ ಟ್ರೈಪಾಡ್ ಇಡುವ ಮಾತೇ ಬೇಡ. ಯಾವ ಫೋಟೋವೂ ನಿನಗಿಂತ ನನಗೆ ದೊಡ್ಡದಲ್ಲ.

ಪರದೆ ನೋಡಿ ನೋಡಿ ಸಾಕಾದ ದಿನ ಕ್ಯಾಮೆರಾನೇ ಇಲ್ಲದೆ ಆಡಬಹುದಾದ್ದೂ ಇದೆ. ಸಯನೋಟೈಪ್ ಅಂತ. ಕಬ್ಬಿಣದ ಎರಡು ಲವಣಗಳ ದ್ರಾವಣ ಬಳಿದ ಕಾಗದದ ಮೇಲೆ ಎಲೆಯನ್ನೋ ಗರಿಯನ್ನೋ ಇಟ್ಟು ಬಿಸಿಲಿಗೆ ಹಿಡಿಯುವುದು, ಆಮೇಲೆ ನೀರಿನಲ್ಲಿ ತೊಳೆಯುವುದು. ಬಿಸಿಲು ತಾಗಿದ ಕಡೆ ಗಾಢ ನೀಲಿ, ಎಲೆ ಇದ್ದ ಕಡೆ ಬಿಳಿ. ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ 1842ರಲ್ಲಿ ಕಂಡುಹಿಡಿದದ್ದು. ಮರುವರ್ಷವೇ ಆನಾ ಆಟ್ಕಿನ್ಸ್ ಅನ್ನುವ ಹೆಣ್ಣುಮಗಳು ಇದೇ ವಿಧಾನದಲ್ಲಿ ಪಾಚಿಗಳ ಪುಸ್ತಕ ಮಾಡಲು ಶುರು ಮಾಡಿದರು. ಹತ್ತು ವರ್ಷ ಅದೊಂದನ್ನೇ ಮುಂದುವರಿಸಿದರು. ಒಂದೇ ನೀಲಿ, ಒಂದೇ ವಿಧಾನ, ನೂರಾರು ಪಾಚಿ. ನೀನು ಮಾಡುವುದಾದರೆ ಕೈಗವಸು ಹಾಕಿಕೋ.

ಈಗ ಆ ಒಂದು ಯಾವುದು ಅಂತ ನೀನು ಕೇಳುತ್ತೀಯ. ನೀನು ಕಳಿಸಿದ್ದರಲ್ಲಿ ಹದಿನಾಲ್ಕನೆಯದನ್ನು ತೆಗೆದು ನೋಡು. ಅದರ ಕೆಳಗೆ "ಇದು ಸುಮ್ನೆ ಟೆಸ್ಟ್" ಅಂತ ಬರೆದಿದ್ದೀಯ. ಅರ್ಧ ಸೆಕೆಂಡ್ ಶಟರ್. ನಿನ್ನ ತಂಗಿ ಕಿಟಕಿಯ ಹತ್ತಿರ ಕೂತು, ಯಾರೋ ಕರೆದರು ಅಂತ ಕಾಣುತ್ತೆ, ಥಟ್ಟನೆ ತಿರುಗಿದ್ದಾಳೆ. ಎರಡು ಮುಖ ಬಂದಿವೆ. ಒಂದು ಹೊರಗೆ ನೋಡುತ್ತಿದೆ, ಒಂದು ನಿನ್ನ ಕಡೆ. ನಡುವೆ ತೆಳುವಾಗಿ ಕೂದಲು ಹರಡಿದೆ. ಹೊರಗೆ ನೋಡುವ ಮುಖ ಮಗುವಿನದು, ನಿನ್ನ ಕಡೆ ನೋಡುವುದು ದೊಡ್ಡವಳದ್ದು. ನಾನು ಅದರ ಮುಂದೆ ಉಳಿದ ಎಲ್ಲಕ್ಕಿಂತ ಜಾಸ್ತಿ ಹೊತ್ತು ಕೂತಿದ್ದೆ. ಅದು ಮಾತ್ರ ಬೇರೆ ಯಾರ ಫೋಟೋ ಥರಾನೂ ಇಲ್ಲ.

ಅವಳು ಒಪ್ಪಿದರೆ ಅದೇ ಕಿಟಕಿ, ಅದೇ ಹೊತ್ತು, ಅದೇ ಅರ್ಧ ಸೆಕೆಂಡ್. ಕ್ಯಾಮೆರಾ ಟ್ರೈಪಾಡಿನ ಮೇಲೆ ಇರಲಿ. ತಿರುಗುವ ಮೊದಲು ಒಂದು ಗಳಿಗೆ, ತಿರುಗಿದ ಮೇಲೆ ಒಂದು ಗಳಿಗೆ ಅಲುಗಾಡದೆ ಇರಲು ಹೇಳು. ಆಗ ಎರಡೂ ಮುಖ ನಿಲ್ಲುತ್ತವೆ. ಆಮೇಲೆ ಏನೂ ಹೇಳದೆ ಅವಳನ್ನು ಅವಳ ಪಾಡಿಗೆ ಬಿಟ್ಟು ತೆಗೆ. ಬೇಡ ಅಂದರೆ ಬಲವಂತ ಮಾಡಬೇಡ, ಅಮ್ಮನನ್ನು ಕೇಳು, ಅಪ್ಪನನ್ನು ಕೇಳು. ತಿಂಗಳ ಕೊನೆಗೆ ನನಗೆ ಕಳಿಸು, ಆರಿಸದೆ, ಅಲುಗಿದ್ದು ಕತ್ತಲಾದದ್ದು ಎಲ್ಲವನ್ನೂ ಸೇರಿಸಿ. ನಾವಿಬ್ಬರೂ ಫೋನಿನಲ್ಲಿ ಒಂದೊಂದಾಗಿ ನೋಡೋಣ. ತಂಗಿಯೂ ಪಕ್ಕದಲ್ಲಿ ಇರಲಿ, ಅವಳಿಗೆ ಏನು ಕಾಣುತ್ತದೆ ಅಂತ ನನಗೂ ಕೇಳಬೇಕಿದೆ.

ನಿನ್ನ
ದೊಡ್ಡಮ್ಮ