ವೇಷ ತೊಟ್ಟವರ ಮೊಬೈಲ್ ಇನ್ನು ಸಂಚಿಯೊಳಗೆ: ನಮ್ಮ ಗ್ರಾಹಕರಿಗೆ ಪತ್ರ

ಧಾರವಾಡ

ಮಾನ್ಯ ಗ್ರಾಹಕ ಬಂಧುಗಳಿಗೆ ಶರಣು ಶರಣಾರ್ಥಿ.

ಕಿತ್ತೂರು ಉತ್ಸವ ಹತ್ತಿರ ಬಂತು. ಶಾಲೆಗಳು, ಯುವಕ ಮಂಡಳಗಳು, ಮಹಿಳಾ ಸಂಘಗಳು ಯುದ್ಧದ ವೇಷಗಳಿಗಾಗಿ ವಿಚಾರಿಸಲು ಶುರು ಮಾಡಿವೆ. ಹೊಸದಾಗಿ ಮುಂಗಡ ತೆಗೆದುಕೊಳ್ಳುವ ಮೊದಲೇ ಒಂದು ಬದಲಾವಣೆಯನ್ನು ನಿಮಗೆ ತಿಳಿಸಬೇಕು. ಈ ಅಕ್ಟೋಬರ್‌ನಿಂದ ನಮ್ಮ ಸಹಕಾರಿ ಸಂಘದ ಐತಿಹಾಸಿಕ ವೇಷ ತೊಟ್ಟವರು ಜನರ ಮುಂದೆ ಇರುವಷ್ಟು ಹೊತ್ತು ಮೊಬೈಲನ್ನು ಕೈಯಲ್ಲಿ ಹಿಡಿಯುವಂತಿಲ್ಲ. ಅದನ್ನು ಇಟ್ಟುಕೊಳ್ಳಲು ಪ್ರತಿ ವೇಷದ ಜೊತೆಗೂ ಬಟ್ಟೆಯ ಸಂಚಿ ಕೊಡುತ್ತೇವೆ. ಬಾಡಿಗೆ ಹೆಚ್ಚಿಸಿಲ್ಲ, ಸಂಚಿಗೆ ಬೇರೆ ಹಣವೂ ಇಲ್ಲ.

ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ವರ್ಷಗಳಿಂದ ನಮ್ಮಲ್ಲೇ ವೇಷ ಒಯ್ಯುವ ನಿಮಗೆ ಬರೀ ಷರತ್ತು ಕಳಿಸುವುದು ಸರಿಯಲ್ಲ, ಕಾರಣವನ್ನೂ ಹೇಳಬೇಕು.

ನೀವು ಆಡಿತೋರಿಸುವ ಕಥೆಯನ್ನೇ ತೆಗೆದುಕೊಳ್ಳಿ. ಕಿತ್ತೂರಿನ ದೊರೆ ಶಿವಲಿಂಗರುದ್ರ ಸರ್ಜ ಸಾಯುವ ಮುನ್ನ ಮಗನನ್ನು ದತ್ತು ತೆಗೆದುಕೊಂಡ. ಆ ವಿಷಯ ಬರೆದ ಕಾಗದ ಧಾರವಾಡದ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆಯ ಕೈ ಸೇರುವ ಹೊತ್ತಿಗೆ ಸರ್ಜನ ಜೀವ ಹೋಗಿತ್ತು. ಕಾಗದದ ಮೇಲಿನ ಸಹಿಯನ್ನು ಥ್ಯಾಕರೆ ಸಂಶಯಿಸಿದ, ದತ್ತಕವನ್ನು ಒಪ್ಪಲಿಲ್ಲ. ಅಲ್ಲಿಂದ ಮುಂದಿನದ್ದೆಲ್ಲ ನಿಮಗೆ ಗೊತ್ತು. ರಾಣಿ ಚೆನ್ನಮ್ಮ ಮುಂಬೈಯ ಗವರ್ನರ್ ಎಲ್ಫಿನ್‌ಸ್ಟನ್‌ನಿಗೆ ಪತ್ರ ಬರೆದರು. 1824ರ ಅಕ್ಟೋಬರ್ 23ರಂದು ಕೋಟೆಯ ಬಾಗಿಲು ತೆರೆದು ಕಿತ್ತೂರಿನ ದಂಡು ಹೊರಗೆ ನುಗ್ಗಿತು, ಅಮಟೂರು ಬಾಳಪ್ಪನ ಗುಂಡಿಗೆ ಥ್ಯಾಕರೆ ಬಿದ್ದ. ಸ್ಟೀವನ್‌ಸನ್ ಮತ್ತು ಎಲಿಯಟ್ ಎಂಬ ಇಬ್ಬರು ಅಧಿಕಾರಿಗಳು ಸೆರೆ ಸಿಕ್ಕರು. (ಈ ವಾಲ್ಟರ್ ಎಲಿಯಟ್ ಮುಂದೆ ಕನ್ನಡ ನಾಡಿನ ಶಾಸನಗಳನ್ನು ಸಂಗ್ರಹಿಸಿ ಹೆಸರಾದವನು. ಅವನ ಪಾತ್ರ ಮಾಡುವ ಹುಡುಗರಿಗೆ ಇದನ್ನು ಹೇಳಿಕೊಟ್ಟರೆ ಪಾತ್ರಕ್ಕೆ ಇನ್ನಷ್ಟು ತೂಕ ಬರುತ್ತದೆ.) ಆಮೇಲೆ ಡಿಸೆಂಬರ್ ಮೊದಲ ವಾರದಲ್ಲಿ ಕೋಟೆ ಬೀಳುವವರೆಗೆ ಸುಮಾರು ಆರು ವಾರ ಹೋಯಿತು. ಆ ಆರು ವಾರ ನಡೆದದ್ದು ಪತ್ರಗಳ ಓಡಾಟ. ದಖ್ಖನ್ ಪ್ರಾಂತದ ಬ್ರಿಟಿಷ್ ಕಮಿಷನರ್ ಚಾಪ್ಲಿನ್‌ನ ಕಚೇರಿ ಇದ್ದ ಪುಣೆ ಇಲ್ಲಿಂದ ಮುನ್ನೂರು ಕಿಲೋಮೀಟರ್‌ಗೂ ಹೆಚ್ಚು ದೂರ. ಟಪಾಲು ಕುದುರೆಯ ಮೇಲೆ ಬರಬೇಕಿತ್ತು, ಇಲ್ಲವೇ ಓಟಗಾರರ ಕಾಲ ಮೇಲೆ. ಸೆರೆಯಾಳುಗಳನ್ನು ಬಿಟ್ಟುಕೊಟ್ಟರೂ ದಾಳಿ ತಪ್ಪಲಿಲ್ಲ.

ಸುದ್ದಿ ತಡವಾಗಿ ಮುಟ್ಟುವುದು, ಮುಟ್ಟಿದ್ದನ್ನು ನಂಬದಿರುವುದು, ಉತ್ತರಕ್ಕಾಗಿ ಕೋಟೆಯೊಳಗೆ ಕಾಯುವುದು: ಕಿತ್ತೂರಿನ ಕಥೆ ನಿಂತಿರುವುದೇ ಇದರ ಮೇಲೆ. ದೂತನೊಬ್ಬ ಬೆವರಿಳಿಸುತ್ತ ಬಂದು ಓಲೆ ಕೊಡುವ ದೃಶ್ಯದಲ್ಲಿ ಹಿಂದೆ ನಿಂತ ಭಟನೊಬ್ಬ ಅಂಗೈಯ ಪರದೆ ನೋಡುತ್ತಿದ್ದರೆ ಆ ಓಲೆಗೆ ಬೆಲೆಯೇ ಉಳಿಯುವುದಿಲ್ಲ. ಮೊದಲ ಸಾಲಿನಲ್ಲಿ ಕುಳಿತ ಮಗುವಿಗೆ, ದೂತ ಯಾಕೆ ಅಷ್ಟು ಓಡಿ ಬಂದ ಎಂಬುದು ತಿಳಿಯದೇ ಹೋಗುತ್ತದೆ. ನಮ್ಮ ಮನಸ್ಸಿಗೆ ಹತ್ತಿದ ಮುಖ್ಯ ಕಾರಣ ಇದು.

ಇನ್ನೊಂದು ಮಾತಿದೆ. ಚೆನ್ನಮ್ಮನವರ ಫೋಟೊ ಇಲ್ಲ, ಇರಲು ಸಾಧ್ಯವೂ ಇಲ್ಲ. ಪ್ಯಾರಿಸ್‌ನಲ್ಲಿ ಡಗೇರ್ ತನ್ನ ಛಾಯಾಚಿತ್ರ ವಿಧಾನವನ್ನು ಪ್ರಕಟಿಸಿದ್ದು 1839ರಲ್ಲಿ. ರಾಣಿಯವರು ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡದ್ದು 1829ರಲ್ಲಿ. ನಾವು ಗೋಡೆಗೆ ಹಾಕಿಕೊಂಡ ಚಿತ್ರಗಳು ಕಲಾವಿದರ ಕಲ್ಪನೆ. ಹಾಗಾಗಿ ಊರಿನ ಮಕ್ಕಳ ಕಣ್ಣಿನಲ್ಲಿ 1824 ಹೇಗಿತ್ತು ಎಂಬ ಚಿತ್ರ ಮೂಡುವುದು ನೀವು ತೊಟ್ಟ ರುಮಾಲಿನಿಂದ, ನಡುಕಟ್ಟಿನಿಂದ, ಕಚ್ಚೆ ಹಾಕಿ ಉಟ್ಟ ಸೀರೆಯಿಂದ. ಇದೇ ಕಾರಣಕ್ಕೆ ನಾವು ಜಿಪ್ ಇಲ್ಲದ ಅಂಗಿ ಹೊಲಿಸುತ್ತೇವೆ, ಕೈಗಡಿಯಾರ ಬಿಚ್ಚಿಡಲು ಕೇಳುತ್ತೇವೆ, ಪ್ಲಾಸ್ಟಿಕ್ ಚಪ್ಪಲಿಗೆ ಬದಲು ತೊಗಲಿನ ಕೆರ ಕೊಡುತ್ತೇವೆ. ಮೊಬೈಲ್ ಒಂದನ್ನು ಇಷ್ಟು ದಿನ ಈ ಪಟ್ಟಿಯಿಂದ ಹೊರಗಿಟ್ಟಿದ್ದೆವು.

ಇಂಗ್ಲೆಂಡಿನ ಹೇಸ್ಟಿಂಗ್ಸ್‌ನಲ್ಲಿ 1066ರ ಯುದ್ಧವನ್ನೂ ಅಮೆರಿಕದ ಗೆಟ್ಟಿಸ್‌ಬರ್ಗ್‌ನಲ್ಲಿ 1863ರ ಯುದ್ಧವನ್ನೂ ಮತ್ತೆ ಆಡಿತೋರಿಸುವ ತಂಡಗಳಿವೆ. ಪ್ರೇಕ್ಷಕರು ಇರುವಷ್ಟು ಹೊತ್ತು ಈ ಕಾಲದ ವಸ್ತುಗಳು ಕಣ್ಣಿಗೆ ಬೀಳಬಾರದು ಎಂಬುದು ಇಂಥ ತಂಡಗಳಲ್ಲಿ ರೂಢಿ. ಫೋನ್ ಡೇರೆಯೊಳಗೋ ತೊಗಲಿನ ಚೀಲದೊಳಗೋ ಇರುತ್ತದೆ. ನಮಗೆ ಅಷ್ಟು ದೂರ ಹೋಗಿ ಮಾದರಿ ತರುವ ಅಗತ್ಯ ಬೀಳಲಿಲ್ಲ. ನಮ್ಮ ಅಜ್ಜ ಅಜ್ಜಿಯರ ಸೊಂಟದಲ್ಲೇ ಎಲೆ ಅಡಿಕೆ ಸಂಚಿ ಇತ್ತು. ಅದೇ ಖಾನೆಗಳು, ಅದೇ ಎಳೆದು ಬಿಗಿಯುವ ದಾರ. ಸುಣ್ಣದ ಡಬ್ಬಿ ಕೂರುತ್ತಿದ್ದ ಖಾನೆಯನ್ನು ಸ್ವಲ್ಪ ಅಗಲ ಮಾಡಿ, ಒಳಗೆ ಮೆತ್ತನೆಯ ಅರಿವೆ ಕೊಟ್ಟು ಹೊಲಿಸಿದ್ದೇವೆ. ದೊಡ್ಡ ಫೋನೂ ಹಿಡಿಯುತ್ತದೆ. ಗಂಡಸರು ನಡುಕಟ್ಟಿನ ಒಳಗೆ ಸಿಕ್ಕಿಸಿಕೊಳ್ಳಬಹುದು, ಹೆಣ್ಣುಮಕ್ಕಳು ನೆರಿಗೆಯ ಪಕ್ಕಕ್ಕೆ ಕಟ್ಟಿಕೊಳ್ಳಬಹುದು. ಫೋನಿನ ಭಾರಕ್ಕೆ ಜರಿಯ ನಡುಕಟ್ಟು ಜಗ್ಗಿ ಹರಿಯುವುದೂ ಇದರಿಂದ ನಿಲ್ಲುತ್ತದೆ.

ಸುರಕ್ಷತೆಯ ವಿಷಯದಲ್ಲಿ ಮಾತ್ರ ನಾವು ಬಿಗಿಯಾಗಿರುತ್ತೇವೆ. ನಮ್ಮ ಖಡ್ಗಗಳಿಗೆ ಮೊನಚಿಲ್ಲ, ನಿಜ. ಆದರೂ ಒಂದು ಕೈಯಲ್ಲಿ ಖಡ್ಗ, ಇನ್ನೊಂದರಲ್ಲಿ ಲೈವ್ ಬಿಡುತ್ತಿರುವ ಫೋನ್ ಇದ್ದರೆ ಎದುರಾಳಿಯ ಕಣ್ಣು ಎಲ್ಲಿದೆ ಎಂದು ನೋಡುವವರು ಯಾರು? ಕುದುರೆ ಏರುವವರು, ಪಂಜು ಹಿಡಿಯುವವರು, ಬಂದೂಕಿನ ಸದ್ದಿಗೆ ಮದ್ದು ಸಿಡಿಸುವವರು ಫೋನನ್ನು ಸಂಚಿಯಲ್ಲೂ ಇಟ್ಟುಕೊಳ್ಳಬಾರದು. ಹೊರಗೆ ಒಬ್ಬರಿಗೆ ಕೊಟ್ಟೇ ಬರಬೇಕು. ಮೈಮೇಲೆ ಫೋನ್ ನಡುಗಿದರೂ ಗಮನ ಒಂದು ಕ್ಷಣ ಅತ್ತ ಹೋಗುತ್ತದೆ. ಬೆಂಕಿಯ ಹತ್ತಿರ ಆ ಒಂದು ಕ್ಷಣವೂ ದುಬಾರಿ.

ನಿಮ್ಮಲ್ಲಿ ಕೆಲವರು ಈಗಾಗಲೇ ಕೇಳಿದ ಪ್ರಶ್ನೆಗಳಿವೆ. ಮಾತು ಮರೆತರೆ ಏನು ಗತಿ, ಸಂಭಾಷಣೆಯೆಲ್ಲ ವಾಟ್ಸಾಪ್‌ನಲ್ಲಿದೆ ಎಂದವರು ಬಹಳ. ಮಾತುಗಳನ್ನು ನಮಗೆ ಒಂದು ವಾರ ಮುಂಚೆ ಕಳಿಸಿದರೆ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ, ಓಲೆಯಂತೆ ಸುರುಳಿ ಸುತ್ತಿ ಕೊಡುತ್ತೇವೆ. ದರಬಾರಿನ ದೃಶ್ಯದಲ್ಲಿ ಅದು ಕೈಯಲ್ಲಿದ್ದರೂ ಒಪ್ಪುತ್ತದೆ. ಕರಡಿ ಮಜಲಿನ ಧ್ವನಿಮುದ್ರಣವನ್ನು ಫೋನಿನಿಂದ ಹಾಕುವವರು ವೇಷ ತೊಡದೆ ಮೈಕ್ ಸೆಟ್ಟಿನ ಹತ್ತಿರ ಕೂತು ಹಾಕಲಿ. ಕೈಲಾದರೆ ನಿಜವಾದ ಮೇಳವನ್ನೇ ಕರೆಸಿ ಎಂಬುದು ನಮ್ಮ ಸಲಹೆ.

ಸಕ್ಕರೆ ಕಾಯಿಲೆಯವರ ಮೈಗೆ ಅಂಟಿಸಿದ ಸೆನ್ಸರ್ ಫೋನಿಗೆ ಸೂಚನೆ ಕಳಿಸುತ್ತದೆ. ಕಿವಿಯ ಯಂತ್ರವನ್ನು ಫೋನಿನಿಂದಲೇ ನಿಭಾಯಿಸುವವರೂ ಇದ್ದಾರೆ. ಇಂಥವರಿಗೆ ಈ ಷರತ್ತು ಅನ್ವಯಿಸುವುದಿಲ್ಲ. ಅವರು ಸಂಚಿಯಿಂದ ಯಾವಾಗ ಬೇಕಾದರೂ ಫೋನ್ ತೆಗೆಯಬಹುದು, ಯಾರಿಗೂ ಕಾರಣ ಹೇಳಬೇಕಿಲ್ಲ. ಇದನ್ನು ನಿಮ್ಮ ತಂಡಕ್ಕೆ ಮೊದಲೇ ತಿಳಿಸಿರಿ, ಗುಂಪಿನ ನಡುವೆ ಯಾರೂ ಮುಜುಗರ ಪಡುವಂತಾಗಬಾರದು.

ಶಾಲೆಯ ಮಕ್ಕಳ ತಂದೆ ತಾಯಿಯರ ಚಿಂತೆ ನಮಗೆ ಅರ್ಥವಾಗುತ್ತದೆ. ಉತ್ಸವದ ಗದ್ದಲದಲ್ಲಿ ಮಗು ಎಲ್ಲಿದೆ ಎಂದು ಕೇಳಲು ಒಂದು ನಂಬರ್ ಬೇಕೇ ಬೇಕು. ಅದಕ್ಕೆ ಪ್ರತಿ ತಂಡದಲ್ಲೂ ವೇಷ ತೊಡದ ಒಬ್ಬ ದೊಡ್ಡವರು ಫೋನ್ ಆನ್ ಇಟ್ಟುಕೊಂಡು ಪೂರ್ತಿ ಹೊತ್ತು ಜೊತೆಗಿರಬೇಕು, ಅವರ ನಂಬರ್ ಎಲ್ಲ ಪಾಲಕರ ಬಳಿ ಇರಬೇಕು. ಚಹಾ ನಾಷ್ಟಾದ ಹಣವನ್ನು ಫೋನಿನಿಂದ ಕೊಡುವ ಕೆಲಸವೂ ಅವರದೇ ಆದರೆ ಅನುಕೂಲ.

ಇನ್ನು ಫೋಟೊ. ಕಿತ್ತೂರು ಚೆನ್ನಮ್ಮನ ವೇಷದಲ್ಲಿ ಮಗಳ ಫೋಟೊ ತೆಗೆಯುವ ಆಸೆ ಯಾವ ತಾಯಿಗೆ ಇರುವುದಿಲ್ಲ? ಅದಕ್ಕೆ ಅಡ್ಡಿ ಮಾಡುವ ಮನಸ್ಸು ನಮಗಿಲ್ಲ. ವೇಷ ತೊಟ್ಟ ಮೇಲೆ, ಮೆರವಣಿಗೆ ಹೊರಡುವ ಮುನ್ನ ಅರ್ಧ ತಾಸು ಫೋಟೊಕ್ಕೆಂದೇ ಬಿಡಿ. ಎಷ್ಟು ಬೇಕಾದರೂ ತೆಗೆಯಿರಿ, ಸೆಲ್ಫಿಯೂ ಇರಲಿ. ದೃಶ್ಯವೆಲ್ಲ ಮುಗಿದ ಮೇಲೂ ಅವಕಾಶವಿದೆ. ಥ್ಯಾಕರೆ ಬಿದ್ದ ಮರುಗಳಿಗೆಯಲ್ಲೇ ಬಾಳಪ್ಪ ಅವನ ಜೊತೆ ನಗುತ್ತ ಸೆಲ್ಫಿ ತೆಗೆಯುವುದು ಮಾತ್ರ ಬೇಡ. ಅಲ್ಲಿ ಎರಡೂ ಕಡೆ ಮನುಷ್ಯರು ಸತ್ತಿದ್ದಾರೆ. ಪ್ರೇಕ್ಷಕರ ಮೊಬೈಲಿಗೆ ನಮ್ಮ ಯಾವ ಷರತ್ತೂ ಇಲ್ಲ. ಅವರು ತೆಗೆದ ವಿಡಿಯೊ ದೂರದ ಊರಿನಲ್ಲಿರುವ ನಮ್ಮವರನ್ನು ಮುಟ್ಟುತ್ತದೆ, ಅದು ನಮಗೂ ಸಂತೋಷವೇ.

ಇದೇ ಕ್ರಮ ಜನವರಿಯ ಸಂಗೊಳ್ಳಿ ಉತ್ಸವಕ್ಕೆ ಒಯ್ಯುವ ರಾಯಣ್ಣನ ವೇಷಗಳಿಗೂ ಇರುತ್ತದೆ. ಪೌರಾಣಿಕ ನಾಟಕದ ವೇಷ, ಮದುವೆಯ ಪೇಟ, ಛದ್ಮವೇಷ ಸ್ಪರ್ಧೆಯ ಡ್ರೆಸ್ಸುಗಳಿಗೆ ಸದ್ಯ ಇಲ್ಲ.

ಈಗಾಗಲೇ ಮುಂಗಡ ಕೊಟ್ಟವರಲ್ಲಿ ಯಾರಿಗಾದರೂ ಈ ಷರತ್ತು ಒಪ್ಪಿಗೆಯಾಗದಿದ್ದರೆ ಹಣ ಪೂರ್ತಿ ಮರಳಿಸುತ್ತೇವೆ. ಉಳಿದವರು ವೇಷ ಒಯ್ಯಲು ಬರುವಾಗ ತಂಡದ ಪಟ್ಟಿಯಲ್ಲಿ ಮೂರು ವಿಷಯ ಬರೆದು ತನ್ನಿರಿ: ಫೋನ್ ನೋಡಿಕೊಳ್ಳುವ ದೊಡ್ಡವರು ಯಾರು, ಪಂಜು ಮತ್ತು ಮದ್ದು ಹಿಡಿಯುವವರು ಯಾರು, ಸಂಚಿ ಎಷ್ಟು ಬೇಕು. ಸಂಚಿಗಳನ್ನು ವೇಷದ ಜೊತೆಗೇ ಮರಳಿಸಿರಿ, ಕೊಡುವ ಮುನ್ನ ಒಳಗೆ ಫೋನ್ ಉಳಿದಿದೆಯೇ ಎಂದು ಒಮ್ಮೆ ಕೈಯಾಡಿಸಿ ನೋಡಿರಿ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ,
ವೇಷಭೂಷಣ ಬಾಡಿಗೆ ವಿಭಾಗ