ಕತ್ತರಿಗೆ ಸಿಕ್ಕ ಲೇವಿಯ ಔತಣ

ಮಾನ್ಯರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಇಟಲಿಯ ಚಿತ್ರಕಾರ ಪಾವೊಲೊ ವೆರೊನೀಸೆಯ ವರ್ಣಚಿತ್ರವನ್ನು ‘ಕೊನೆಯ ಭೋಜನ’ ಎಂಬ ಅಡಿಬರಹದೊಂದಿಗೆ ಪ್ರಕಟಿಸಿದ್ದೀರಿ. ವೆನಿಸ್ಸಿನ ಅಕಾಡೆಮಿಯಾ ಗ್ಯಾಲರಿಯಲ್ಲಿರುವ ಆ ಚಿತ್ರದ ಹೆಸರು ‘ಲೇವಿಯ ಮನೆಯ ಔತಣ’. ನಿಮ್ಮದು ಪೂರ್ತಿ ತಪ್ಪೆನ್ನುವಂತೆಯೂ ಇಲ್ಲ. 1573ರಲ್ಲಿ ಕಲಾವಿದ ಅದನ್ನು ಬರೆದದ್ದು ಕ್ರಿಸ್ತ ಶಿಲುಬೆಗೇರುವ ಮುನ್ನ ಶಿಷ್ಯರೊಂದಿಗೆ ಮಾಡಿದ ಕೊನೆಯ ಭೋಜನವೆಂದೇ. ಆದರೆ ಹೆಸರು ಏಕೆ ಬದಲಾಯಿತೆಂದು ತಿಳಿಸುವ ಭಾಗಗಳನ್ನೇ ನೀವು ಎರಡೂ ಬದಿಯಿಂದ ಕತ್ತರಿಸಿದ್ದೀರಿ.

ವೆನಿಸ್ಸಿನ ಡೊಮಿನಿಕನ್ ಮಠವೊಂದರ ಭೋಜನಶಾಲೆಯಲ್ಲಿದ್ದ ಹಿರಿಯ ಚಿತ್ರಕಾರ ಟಿಶಿಯನ್‌ನ ಚಿತ್ರ 1571ರ ಬೆಂಕಿಯಲ್ಲಿ ಸುಟ್ಟುಹೋದ ಮೇಲೆ, ಅದರ ಜಾಗಕ್ಕೆಂದು ವೆರೊನೀಸೆ ಸುಮಾರು 13 ಮೀಟರ್ ಅಗಲದ ಈ ಚಿತ್ರವನ್ನು ರಚಿಸಿದ. ಮೂರು ಕಮಾನುಗಳಲ್ಲಿ ನಡುವಿನದರ ಕೆಳಗೆ ಕ್ರಿಸ್ತನಿದ್ದಾನೆ, ಪಕ್ಕದಲ್ಲಿ ಸಂತ ಪೇತ್ರ ಕುರಿಮರಿಯ ಮಾಂಸ ಕೊಯ್ಯುತ್ತಿದ್ದಾನೆ. ನೀವು ಅಚ್ಚು ಹಾಕಿರುವುದು ಇಷ್ಟನ್ನೇ. ಬದಿಗಳಲ್ಲಿ ಮುಂಗೈ ಮೇಲೆ ಗಿಳಿ ಕೂರಿಸಿಕೊಂಡ ವಿದೂಷಕ, ಮೂಗಿನಲ್ಲಿ ರಕ್ತ ಸುರಿಯುತ್ತಿರುವ ಸೇವಕ, ಮೆಟ್ಟಿಲ ಮೇಲೆ ಆಯುಧ ಹಿಡಿದ ಜರ್ಮನ್ ಸಿಪಾಯಿಗಳು ಇದ್ದಾರೆ. ನಾನು ಪಾಠ ಮಾಡುತ್ತಿದ್ದಾಗ ಮಕ್ಕಳ ಕಣ್ಣು ಮೊದಲು ಹೋಗುತ್ತಿದ್ದದ್ದು ಆ ಗಿಳಿಯ ಮೇಲೆ.

ಚರ್ಚಿನ ಧರ್ಮವಿಚಾರಣಾ ಮಂಡಳಿಯ ಕಣ್ಣಿಗೂ ಬದಿಯ ಈ ಜನರೇ ಬಿದ್ದರು. 1573ರ ಜುಲೈ 18ರಂದು ಕಲಾವಿದನನ್ನು ಕರೆಸಿ, ಪ್ರಭುವಿನ ಕೊನೆಯ ಊಟದಲ್ಲಿ ಇಂಥವರಿಗೇನು ಕೆಲಸವೆಂದು ಕೇಳಿದಾಗ, ಜಾಗ ಮಿಕ್ಕಿದರೆ ಆಕೃತಿಗಳಿಂದ ಅಲಂಕರಿಸುತ್ತೇನೆ, ಕವಿಗಳೂ ಹುಚ್ಚರೂ ತೆಗೆದುಕೊಳ್ಳುವ ಸ್ವಾತಂತ್ರ್ಯವನ್ನು ಚಿತ್ರಕಾರರಾದ ನಾವೂ ತೆಗೆದುಕೊಳ್ಳುತ್ತೇವೆ ಎಂಬರ್ಥದ ಉತ್ತರವನ್ನು ಆತ ಕೊಟ್ಟ. ಮೂರು ತಿಂಗಳೊಳಗೆ ಸ್ವಂತ ಖರ್ಚಿನಲ್ಲಿ ಚಿತ್ರವನ್ನು ತಿದ್ದಬೇಕೆಂದು ತೀರ್ಪಾಯಿತು. ಆತನಾದರೋ ಯಾರನ್ನೂ ಹೊರಗೆ ಕಳಿಸಲಿಲ್ಲ. ಎರಡು ಬದಿಯ ಮೆಟ್ಟಿಲುಗಳ ಕಲ್ಲಿನ ಕಟಕಟೆಯ ಮೇಲೆ, ಪ್ರಭು ಕ್ರಿಸ್ತನಿಗೆ ಲೇವಿ ದೊಡ್ಡ ಔತಣ ಮಾಡಿಸಿದನೆಂದೂ ಇದು ಬೈಬಲ್ಲಿನ ಲೂಕನ ಸುವಾರ್ತೆಯ ಐದನೆಯ ಅಧ್ಯಾಯವೆಂದೂ ಲ್ಯಾಟಿನ್‌ನಲ್ಲಿ ಬರೆದುಬಿಟ್ಟ. ಲೇವಿ ಸುಂಕದವನು. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬಾರದೆಂಬ ಗಾದೆ ನಮ್ಮದಾದರೂ ಲೂಕನ ಸುಂಕದವನ ಮನೆಯಲ್ಲಿ ಎಂಥವರಿಗೂ ಎಲೆ ಹಾಕುತ್ತಿದ್ದರು, ಹಾಗಾಗಿ ವಿದೂಷಕನೂ ಸಿಪಾಯಿಗಳೂ ಅಲ್ಲೇ ಉಳಿದರು.

ಆ ಬರಹವೂ ನಿಮ್ಮ ಕತ್ತರಿಗೆ ಸಿಕ್ಕಿದೆ. ಅಡಿಬರಹ ತಪ್ಪಿದ್ದು ಬಹುಶಃ ಇದರಿಂದಲೇ. ಅಂದು ಧರ್ಮಮಂಡಳಿಯಿಂದ ಆಗದ ಕೆಲಸ ನಿಮ್ಮ ಪುಟವಿನ್ಯಾಸಕರಿಂದ ಸಲೀಸಾಗಿ ಆಗಿಹೋಗಿದೆ. ಮೇಜಿನ ಮುಂದಿನ ನಾಯಿಯೊಂದು ಮಾತ್ರ ಬಚಾವಾಗಿದೆ. ಅದರ ಜಾಗದಲ್ಲಿ ಕ್ರಿಸ್ತನ ಶಿಷ್ಯೆ ಮಗ್ದಲದ ಮರಿಯಳನ್ನು ಚಿತ್ರಿಸಬೇಕೆಂಬ ಸೂಚನೆಯನ್ನು ಅಲ್ಲಿ ಆಕೆ ಒಪ್ಪುವುದಿಲ್ಲವೆಂದು ವೆರೊನೀಸೆ ನಯವಾಗಿಯೇ ತಳ್ಳಿಹಾಕಿದ್ದ.

ಪುರವಣಿಯ ನಡುಪುಟಗಳೆರಡನ್ನೂ ಬಳಸಿ, ಸರಿಯಾದ ಹೆಸರಿನೊಂದಿಗೆ ಚಿತ್ರವನ್ನು ಇಡಿಯಾಗಿ ಇನ್ನೊಮ್ಮೆ ಪ್ರಕಟಿಸಬೇಕೆಂದು ಕೋರುತ್ತೇನೆ. ಆಗಲೂ ಗಿಳಿ ಕಾಣದಷ್ಟು ಕಿರಿದು ಮಾಡಬೇಡಿ.

– ನಿವೃತ್ತ ಚಿತ್ರಕಲಾ ಶಿಕ್ಷಕ, ಮೈಸೂರು